ಅಕ್ಕಯಮ್ಮನ ರಾಗಿ, ಕೃಷ್ಣಪ್ಪನ ಸೀಮೆಹುಲ್ಲು

ದಾವಣಗೆರೆ ನಿಲ್ದಾಣದಿಂದ ಬೆಳಿಗ್ಗೆ ಆರಕ್ಕೆ ಹೊರಡುವ ಬೆಂಗಳೂರು ಬಸ್ಸನ್ನು ಆ ಭಾನುವಾರ ಹತ್ತಿ ಕಿಟಕಿಯ ಪಕ್ಕ ಕೂತೆ. ಇಪ್ಪತ್ತೆರಡು ವರ್ಷ ಇಂಥ ಬಸ್ಸುಗಳಲ್ಲಿ ಕಂಡಕ್ಟರಾಗಿ ನಿಂತುಕೊಂಡೇ ಊರೂರು ತಿರುಗಿದವಳಿಗೆ ಕೂತು ಹೋಗುವುದು ಇನ್ನೂ ರೂಢಿಯಾಗಿಲ್ಲ. ಕಾಲ ಬುಡದಲ್ಲಿ ಗೋಣಿಚೀಲ ಸುತ್ತಿದ ಹೊಸ ಗುದ್ದಲಿ ಇತ್ತು. ಹೆಂಗಸರ ಉಚಿತ ಟಿಕೆಟ್ ಕೊಡಲು ಬಂದ ಕಂಡಕ್ಟರ್ ಹುಡುಗಿ ಅದನ್ನು ನೋಡಿ, "ಎಲ್ಲಿಗೆ ಹೊಂಟ್ರಿ ಮೇಡಂ, ಗುದ್ದಲಿ ಹಿಡ್ಕೊಂಡು?" ಎಂದಳು.

"ಕೋಲಾರದ ಕಡೆ. ಕಾಲುವೆ ತೋಡೋಕೆ."

"ನಿಮ್ಮ ಹೊಲಕ್ಕಾ?"

"ನನ್ನ ಹೊಲ ಎಲ್ಲಮ್ಮ ಬಂತು! ಯಾರದೋ ಊರಿನ ಕೆರೆಗೆ."

ಅವಳು ನಂಬಿದಳೋ ಇಲ್ಲವೋ, ನಕ್ಕು ಮುಂದಿನ ಸೀಟಿಗೆ ಹೋದಳು. ಸಂಗತಿ ಇಷ್ಟೇ. ನನ್ನ ತಂಗಿಯ ಜೊತೆ ಓದಿದ ಸುಜಾತಾ ಬಂಗಾರಪೇಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪ್ರತಿವರ್ಷ ದೀಪಾವಳಿ ಕಳೆದ ಮೇಲೆ, ಚಳಿ ಶುರುವಾಗುವ ಹೊತ್ತಿಗೆ, ಒಂದು ವಾರ ರಜೆ ಹಾಕಿ, ಪರಿಚಯದವರನ್ನು ಕೂಡಿಸಿಕೊಂಡು ಯಾವುದಾದರೂ ಒಂದು ಹಳ್ಳಿಯ ಕೆರೆಗೆ ನೀರು ತರುವ ಕಾಲುವೆಯ ಹೂಳು ತೆಗೆಸುತ್ತಾಳೆ. ಗುಂಪಿಗೆ ಹೆಸರಿಲ್ಲ, ಬ್ಯಾನರ್ ಇಲ್ಲ. "ರಿಟೈರಾಗಿ ಮನೇಲಿ ಕೂತು ಮೊಣಕಾಲು ನೋವು ಅಂತೀಯಲ್ಲ ಅಕ್ಕ, ಬಾ, ಬಯಲಲ್ಲಿ ಒಂದು ವಾರ ಇದ್ದು ನೋಡು" ಎಂದಿದ್ದಳು.

ಬೆಂಗಳೂರು ತಲುಪುವಾಗ ಹನ್ನೆರಡೂವರೆ. ಅಲ್ಲಿಂದ ಬಂಗಾರಪೇಟೆಗೆ ಎಪ್ಪತ್ತು ಕಿಲೋಮೀಟರ್, ಪ್ಯಾಸೆಂಜರ್ ರೈಲಿಗೆ ಇಪ್ಪತ್ತು ರೂಪಾಯಿ. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ವಾರದ ದಿನ ಈ ರೈಲಿನಲ್ಲಿ ಕಾಲಿಡಲು ಆಗುವುದಿಲ್ಲವೆಂದು ಎದುರಿಗೆ ಕೂತಿದ್ದ ಗಾರೆ ಕೆಲಸದವರು ಹೇಳಿದರು. ಬಂಗಾರಪೇಟೆಯಲ್ಲಿ ಸುಜಾತಾ ಕಾಯುತ್ತಿದ್ದಳು. ಮೊದಲು ಪಾನಿಪೂರಿ ಅಂಗಡಿಗೆ ಕರೆದೊಯ್ದಳು. ಇಲ್ಲಿನ ಪಾನಿ ನಮ್ಮ ಕಡೆಯಂತೆ ಹಸಿರಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ. ನೋಡಿ ಮೋಸ ಹೋದೆ. ಎರಡನೆಯ ಪೂರಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಆಟೋ ಹಿಡಿದು ಕೆಜಿಎಫ್‌ನ ಆಂಡರ್ಸನ್‌ಪೇಟೆಗೆ ಹೋದೆವು. ಅಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮಗೆ ವಸತಿ. ಹೆಂಗಸರು ಆರು ಜನ, ಗಂಡಸರು ಎಂಟು.

ಕೆಲಸ ನಡೆದದ್ದು ಅಲ್ಲಿಂದ ಕಾಮಸಮುದ್ರದ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಬರೆಯಬೇಡಿ ಎಂದು ಅಲ್ಲಿನವರೇ ಕೇಳಿಕೊಂಡಿದ್ದಾರೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಸೋಮವಾರ ಏಳೂವರೆಯ ಬಸ್ಸಿಗೆ ಹೊರಟೆವು. ಇಬ್ಬನಿ ಇನ್ನೂ ಬಿಟ್ಟಿರಲಿಲ್ಲ. ಚಿನ್ನದ ಗಣಿಯಿಂದ ತೆಗೆದು ಸುರಿದ ಪುಡಿಮಣ್ಣಿನ ದಿಬ್ಬಗಳು ಬೂದು ಬಣ್ಣದ ಗುಡ್ಡಗಳಂತೆ ಒಂದಾದ ಮೇಲೊಂದು ಕಿಟಕಿಯಲ್ಲಿ ಸರಿದವು. ಅವು ಮುಗಿದದ್ದೇ ಎರಡೂ ಕಡೆ ರಾಗಿ, ಅವರೆ, ಟೊಮೆಟೊ. ಒಂದು ಕಡೆ ಬೀಳು ಬಯಲಿನಲ್ಲಿ ನಾಲ್ಕೈದು ಕೃಷ್ಣಮೃಗಗಳು ತಲೆಯೆತ್ತಿ ಬಸ್ಸನ್ನು ನೋಡಿ ಮತ್ತೆ ಮೇಯತೊಡಗಿದವು. ಬಸ್ಸಿನಲ್ಲಿದ್ದ ಯಾರೂ ಅವುಗಳ ಕಡೆ ತಿರುಗಲಿಲ್ಲ. ನಾನೊಬ್ಬಳೇ ಎದ್ದು ನಿಂತು ನೋಡಿದೆ.

ಹಳ್ಳಿಯ ಕೆರೆ ದೊಡ್ಡದೇ, ಆದರೆ ತಳದಲ್ಲಿ ಎಮ್ಮೆ ಹೊರಳುವಷ್ಟೇ ನೀರಿತ್ತು. ಮಳೆ ಬರದೆ ಅಲ್ಲ. ಒಂದೂವರೆ ಕಿಲೋಮೀಟರ್ ದೂರದ ಗುಡ್ಡದಿಂದ ಬರುವ ಕಾಲುವೆ ಹೂಳು ತುಂಬಿ, ಪೊದೆ ಬೆಳೆದು, ಕಾಲುವೆಯೆಂದು ತೋರಿಸಿ ಹೇಳಬೇಕಾದ ಸ್ಥಿತಿಗೆ ಬಂದಿತ್ತು. ಗುಡ್ಡದ ಕಡೆಯಿಂದ ಶುರು ಮಾಡಿ ಕೆರೆಯ ಕಡೆಗೆ ಬರುವುದೆಂದು ಸುಜಾತಾ ನಿಶ್ಚಯಿಸಿದ್ದಳು. ಮಟ್ಟ ನೋಡಿ ಗೆರೆ ಹಾಕಿಕೊಡುವವರು ಮುನಿಸ್ವಾಮಿ. ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ, ಗಣಿ ಮುಚ್ಚುವವರೆಗೂ ಮೈಸೂರು ಮೈನ್ಸ್‌ನಲ್ಲಿ ಕೆಲಸ ಮಾಡಿದವರು. ಅವರ ಹತ್ತಿರ ಇದ್ದದ್ದು ಒಂದು ಉದ್ದನೆಯ ಪಾರದರ್ಶಕ ಪೈಪು. ಅದರಲ್ಲಿ ನೀರು ತುಂಬಿ ಎರಡು ತುದಿಯನ್ನು ಇಬ್ಬರು ಹಿಡಿದರೆ ಯಾವ ಕಡೆ ಎಷ್ಟು ಇಳಿಜಾರು ಎಂಬುದು ಗೊತ್ತಾಗುತ್ತದೆ.

ಮೊದಲ ದಿನ ಅರ್ಧ ಗಂಟೆ ಅಗೆಯುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತು. ಮುನಿಸ್ವಾಮಿ ನನ್ನ ಗುದ್ದಲಿಯನ್ನು ಕೈಗೆ ತೆಗೆದುಕೊಂಡು, "ಕಂಡಕ್ಟ್ರಮ್ಮಾ, ಇದನ್ನ ಓಡಿಸ್ಬೇಡಿ. ಅದೇ ಬೀಳ್ತದೆ, ನೀವು ದಾರಿ ಮಾತ್ರ ತೋರ್ಸಿ. ಅಷ್ಟೇದಾ" ಎಂದು ತೋರಿಸಿಕೊಟ್ಟರು. ಮಧ್ಯಾಹ್ನಕ್ಕೆ ಊರಿನವರು ಮುದ್ದೆ, ಅವರೆಕಾಳಿನ ಸಾರು ತಂದರು. ಹುಣಸೆಮರದ ಕೆಳಗೆ ಕೂತು ನಾನು ಎರಡು ಮುದ್ದೆ ನುಂಗಿದೆ. ಮನೆಯಲ್ಲಿ ಅರ್ಧ ಮುದ್ದೆಗೆ ಸಾಕೆನ್ನುವವಳು.

ಮಂಗಳವಾರ ಲಂಟಾನದ ದೊಡ್ಡ ಪೊದೆಯೊಂದನ್ನು ಕಿತ್ತೆವು. ಕಾಲುವೆಗೆ ಅಡ್ಡಲಾಗಿ ಗೋಡೆಯ ಹಾಗೆ ಬೆಳೆದು, ಹತ್ತಾರು ವರ್ಷದ ಕಸವನ್ನೆಲ್ಲ ಬೇರಿನಲ್ಲಿ ಹಿಡಿದುಕೊಂಡಿತ್ತು. ಹದಿನಾಲ್ಕು ಜನಕ್ಕೂ ಅರ್ಧ ದಿನದ ಕೆಲಸ. ಕೊನೆಯ ಬೇರು ಕಿತ್ತು ಬಂದಾಗ ಎಲ್ಲರೂ ಹೋ ಎಂದು ಕೂಗಿದೆವು. ಅಲ್ಲಿಂದ ಗುಡ್ಡದ ಕಡೆ ತಿರುಗಿ ನೋಡಿದರೆ ನಾವು ತೋಡಿದ ಕಾಲುವೆ ನೇರವಾಗಿ, ಅಚ್ಚುಕಟ್ಟಾಗಿ ಇಳಿದು ಬಂದಿತ್ತು. ಇಷ್ಟು ವರ್ಷ ಊರುಗಳನ್ನು ಕಿಟಕಿಯಿಂದ ನೋಡಿದವಳು ಈಗ ಒಂದು ಊರಿಗೆ ನನ್ನ ಕೈಯಿಂದ ಏನೋ ಒಂದು ಮಾಡಿದೆ ಎಂದು ಬಹಳ ಹೆಮ್ಮೆಪಟ್ಟೆ. ಅದನ್ನು ಫೋನಿನಲ್ಲಿ ತಂಗಿಗೂ ಹೇಳಿದೆ.

ಆ ಸಂಜೆ ಮುನಿಸ್ವಾಮಿ ನಮ್ಮಿಬ್ಬರನ್ನು, ಎಂದರೆ ನನ್ನನ್ನೂ ಸುಜಾತಾಳನ್ನೂ, ಕಾಫಿಗೆ ಮನೆಗೆ ಕರೆದರು. ಗಣಿಯವರಿಗೆಂದು ಸಾಲಾಗಿ ಕಟ್ಟಿದ ಪುಟ್ಟ ಮನೆಗಳಲ್ಲಿ ಒಂದು. ಹೆಂಡತಿ ತಮಿಳಿನಲ್ಲಿ ಗದರುತ್ತಲೇ ದೋಸೆ ಹುಯ್ದರು. ಈ ಕೆಮ್ಮು ಇಟ್ಟುಕೊಂಡು ಮಣ್ಣು ಅಗೆಯಲು ಹೋಗುತ್ತಾರಲ್ಲ ಎಂಬುದು ಆಕೆಯ ಗದರಿಕೆ. ಮುನಿಸ್ವಾಮಿ ಲೋಟ ಕೆಳಗಿಟ್ಟು, "ನಾನು ಕೆಳಗೆ ಪಂಪಿನ ಕೆಲ್ಸದವನಮ್ಮಾ. ಇಪ್ಪತ್ತೈದು ವರ್ಷ ಗಣಿಯಿಂದ ನೀರು ಆಚೆ ತೆಗೆದೆ. ಈಗ ಎಲ್ಲಾ ಶಾಫ್ಟಲ್ಲೂ ಅದೇ ನೀರು ತುಂಬ್ಕೊಂಡೈತೆ. ನೀರು ಎಲ್ಲಿ ಓಗ್ತದೆ ಅನ್ನೋದು ಒಂದೇ ನನಗೆ ಗೊತ್ತಿರೋ ವಿದ್ಯೆ" ಎಂದರು. ಹೊರಗೆ ಬಂದಾಗ ಬೀದಿಯಲ್ಲಿ ಗಾಳಿ ಎದ್ದು ದಿಬ್ಬದ ಪುಡಿ ಹಾರುತ್ತಿತ್ತು. ಅಕ್ಕಪಕ್ಕದ ಹೆಂಗಸರು ಒಣಹಾಕಿದ್ದ ಬಟ್ಟೆಗಳನ್ನು ಅವಸರದಿಂದ ಒಳಗೆ ಒಯ್ಯುತ್ತಿದ್ದರು.

ಬುಧವಾರ ಹತ್ತೂವರೆಗೆ ನಾವು ಕೆರೆಗೆ ಇನ್ನೂರು ಹೆಜ್ಜೆ ದೂರದಲ್ಲಿದ್ದೆವು. ಅಲ್ಲಿ ಕಾಲುವೆ ಇರಲಿಲ್ಲ, ರಾಗಿ ಇತ್ತು. ಉದ್ದಕ್ಕೆ ನಲವತ್ತು ಹೆಜ್ಜೆ, ಅಗಲಕ್ಕೆ ಹತ್ತು. ಕಾಲುವೆಯ ಹೂಳಿನ ಮೇಲೆಯೇ ಬಿತ್ತಿದ್ದು. ಸುತ್ತಲಿನ ಯಾವ ಹೊಲದಲ್ಲೂ ಅಂಥ ತೆನೆ ನಾನು ನೋಡಿರಲಿಲ್ಲ. ಸುಜಾತಾಳ ಮುಖ ಸಪ್ಪಗಾಯಿತು. "ಆಗಸ್ಟಲ್ಲಿ ನೋಡಿದ್ದೆ ಅಕ್ಕ. ಇಷ್ಟು ಹೊತ್ತಿಗೆ ಕೊಯ್ಲು ಆಗಿರುತ್ತೆ ಅಂದಿದ್ರು. ಈ ಸಲ ಮಳೆ ತಡ, ಬಿತ್ತನೆಯೂ ತಡ. ನಾನು ವಾಪಸ್ ಬಂದು ವಿಚಾರಿಸಬೇಕಿತ್ತು" ಎಂದಳು.

ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ಓಡಿಬಂದಳು. ನಲವತ್ತೈದು ವರ್ಷವಿರಬಹುದು. ಸೆರಗನ್ನು ಸೊಂಟಕ್ಕೆ ಕಟ್ಟಿದ್ದಳು, ಕಾಲು ಮೊಣಕಾಲಿನವರೆಗೆ ಕೆಸರು. ಅವಳೇ ಅಕ್ಕಯಮ್ಮ. ಸ್ವಂತ ಜಮೀನಿಲ್ಲ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿಕೊಂಡು ಶನಿವಾರ ಬರುತ್ತಾನೆ. ಅವಳು ಮೂರು ದಿನದಿಂದ ಪಕ್ಕದೂರಿನ ತೋಟಕ್ಕೆ ಕೂಲಿಗೆ ಹೋಗಿದ್ದಳು. ನಮ್ಮ ಸುದ್ದಿ ಯಾರೋ ಆಗಷ್ಟೇ ಮುಟ್ಟಿಸಿದ್ದರು.

"ಯಾರವ್ವಾ ನೀವೆಲ್ಲ? ಯಾರ್ನ ಕೇಳಿ ಇಲ್ಲಿಗಂಟ ಅಗ್ದು ತಂದ್ರಿ?"

ಸುಜಾತಾ ಬಾಯಿ ತೆರೆಯುವ ಮೊದಲೇ ನಾನು ಉತ್ತರಿಸಿದೆ. "ಇದು ಸರ್ಕಾರಿ ಕಾಲುವೆ ಕಣಮ್ಮ, ನಿನ್ನ ಹೊಲ ಅಲ್ಲ. ಇಲ್ಲಿ ರಾಗಿ ಹಾಕಿದ್ದೇ ತಪ್ಪು."

ಟಿಕೆಟ್ ಇಲ್ಲದವರನ್ನು ಬಸ್ಸಿನಿಂದ ಇಳಿಸುವಾಗ ಬರುತ್ತಿದ್ದ ದನಿ ಅದು. ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು.

ಅಕ್ಕಯಮ್ಮ ನನ್ನನ್ನೇ ನೋಡಿದಳು. "ನನ್ದಲ್ಲ ಅಂತ ನಂಗೊತ್ತಿಲ್ವಾ? ನನ್ದು ಅನ್ನೋದು ಯಾವ್ದೂ ಇಲ್ಲ. ಬರೀ ಜಾಲಿಮುಳ್ಳು ಇತ್ತು ಇಲ್ಲಿ. ನಾನೇ ಕಿತ್ತಾಕಿ ಬಿತ್ತುದ್ದು. ಕಾಲ್ವೆ ಬೇಡ ಅಂತ ಅಂದ್ನಾ? ಇನ್ನೊಂದತ್ತು ದಿನ ತಡ್ಕೊಳಿ ಅಂತಾವ್ನಿ."

ಹತ್ತು ದಿನ ನಮ್ಮ ಹತ್ತಿರ ಇರಲಿಲ್ಲ. ಆದರೂ ರಾಗಿ ಮುಟ್ಟುವುದು ಬೇಡ, ಇಷ್ಟಕ್ಕೇ ನಿಲ್ಲಿಸಿ ಉಳಿದದ್ದನ್ನು ಊರಿನವರು ಆಮೇಲೆ ಮಾಡಿಕೊಳ್ಳಲಿ ಎಂದು ಸುಜಾತಾ ಹೇಳಿದಳು. ಎಲ್ಲರಿಗೂ ಸಮಾಧಾನವಾಯಿತು, ಮುನಿಸ್ವಾಮಿಯವರೊಬ್ಬರಿಗೆ ಬಿಟ್ಟು. ಅವರು ಕುಕ್ಕರಗಾಲಲ್ಲಿ ಕೂತು ಪೈಪಿನ ನೀರನ್ನೇ ನೋಡುತ್ತಿದ್ದರು.

"ಯಮ್ಮಾ, ಮಳೆ ಬಂದ್ರೆ ಮೇಲಿನ ನೀರು ಇಷ್ಟು ದಿನ ಎಲ್ಲಿಗೆ ಓಗ್ತಿತ್ತು?" ಎಂದು ಅಕ್ಕಯಮ್ಮನನ್ನು ಕೇಳಿದರು.

"ಮೇಲೆ ದೊಡ್ಡ ಲಂಟಾನದ ಪೊದೆ ಐತಲ್ಲ, ಅದಕ್ಕೆ ತಗ್ಲಾಕ್ಕೊಂಡು ಗೋಮಾಳಕ್ಕೆ ಅರ್ದು ಓಗ್ತಿತ್ತು. ಈ ಕಡೆ ಬರ್ತಿದ್ದುದ್ದು ಬೊಗ್ಸೆಯಷ್ಟು."

ಮುನಿಸ್ವಾಮಿ ನಮ್ಮ ಕಡೆ ತಿರುಗಿದರು. "ಆ ಪೊದೆ ನಿನ್ನೆ ನಾವೇ ಕಿತ್ವಿ."

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಶನಿವಾರ ಜೋರು ಮಳೆ ಎಂದು ಬೆಳಿಗ್ಗೆಯಿಂದ ಎಲ್ಲರ ಫೋನಿನಲ್ಲೂ ಬರುತ್ತಿತ್ತು. ನಾವು ತೋಡಿದ ಅಚ್ಚುಕಟ್ಟಾದ ಕಾಲುವೆಯಲ್ಲಿ ಗುಡ್ಡದ ನೀರೆಲ್ಲ ಸೀದಾ ಬಂದು ಈ ರಾಗಿಯ ಮೇಲೆ ಬೀಳುತ್ತದೆ. ಮೇಲೆ ಅಡ್ಡಕಟ್ಟೆ ಹಾಕಬಹುದಲ್ಲ ಎಂದು ಯಾರೋ ಕೇಳಿದರು. "ಹಾಕ್ಬೋದು. ಹಸಿ ಮಣ್ಣು, ಒಂದು ಗಂಟೆ ತಡೀತದೆ. ಆಮೇಲೆ ಒಟ್ಟಿಗೆ ಒಡ್ಕೊಂಡು ಬಂದ್ರೆ ರಾಗೀನೂ ಇಲ್ಲ, ಮಣ್ಣೂ ಇಲ್ಲ" ಎಂದರು ಮುನಿಸ್ವಾಮಿ. ಅಕ್ಕಯಮ್ಮ ನಿಂತಲ್ಲೇ ಕೂತುಬಿಟ್ಟಳು. ಕೈಗೆ ಸಿಕ್ಕ ಕಳೆಯೊಂದನ್ನು ಕಿತ್ತು ಬದುವಿನಾಚೆ ಎಸೆದಳು.

ದಾರಿ ಇದ್ದದ್ದು ಒಂದೇ. ರಾಗಿಯ ಪಕ್ಕದಲ್ಲಿ, ಅದರ ಉದ್ದಕ್ಕೂ ಮೂರಡಿ ಅಗಲದ ತಾತ್ಕಾಲಿಕ ಕಾಲುವೆ ತೋಡಿ ನೀರನ್ನು ಸುತ್ತುಹಾಕಿಸಿ ಕೆರೆಗೆ ಬಿಡುವುದು. ಆದರೆ ಪಕ್ಕದಲ್ಲಿದ್ದದ್ದು ಕೃಷ್ಣಪ್ಪ ಎಂಬವರ ಜಮೀನು. ಆರು ಹಸು ಸಾಕಿ ಡೇರಿಗೆ ಹಾಲು ಹಾಕುವವರು. ಅಲ್ಲಿ ಹಸುಗಳಿಗೆಂದು ಆಳೆತ್ತರ ಸೀಮೆಹುಲ್ಲು ಬೆಳೆಸಿದ್ದರು. ಇನ್ನೊಂದು ತೊಡಕೂ ಇತ್ತು. ಎರಡು ವರ್ಷದ ಹಿಂದೆ ಕೃಷ್ಣಪ್ಪನವರ ಹಸು ಹಗ್ಗ ಕಿತ್ತುಕೊಂಡು ಬಂದು ಇದೇ ಜಾಗದ ರಾಗಿ ಮೇಯ್ದಿತ್ತು. ಅಕ್ಕಯಮ್ಮ ಅದನ್ನು ಹಿಡಿದು ಒಂದು ಹಗಲೆಲ್ಲ ತನ್ನ ಮನೆ ಮುಂದೆ ಕಟ್ಟಿಹಾಕಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಗುರುವಾರ ಬೆಳಿಗ್ಗೆ ನಾನು ಮೊದಲು ಅಕ್ಕಯಮ್ಮನ ಹತ್ತಿರ ಹೋದೆ. ಅವಳು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿ ನೋಡುತ್ತಿದ್ದಳು. ಅರ್ಧ ಕಾಳು ಕೆಂಪಗೆ, ಇನ್ನರ್ಧ ಹಸಿರು. ಹಸಿರು ಕಾಳನ್ನು ಉಗುರಿನಿಂದ ಒತ್ತಿ ತೋರಿಸಿದಳು. ಬಿಳಿ ಹಾಲು ಬಂತು. "ಇವತ್ತು ಕೊಯ್ದ್ರೆ ಅರ್ಧಕ್ಕರ್ಧ ಜೊಳ್ಳು" ಎಂದಳು.

"ನಿನ್ನೆ ಬಾಯಿ ತಪ್ಪಿ ಮಾತಾಡಿದೆ ಅಕ್ಕಯಮ್ಮ. ಮನಸ್ಸಿಗೆ ಹಚ್ಚಿಕೊಬೇಡ."

"ಬಾಯೇನೂ ತಪ್ಲಿಲ್ಲಕ್ಕ, ನಿಜಾನೇ ಅಂದ್ರಿ. ನಿನ್ನೆ ಮೊನ್ನೆ ಬಂದೋರು ಅಂದ್ರಲ್ಲ ಅಂತ ಒಟ್ಟೆ ಉರೀತು, ಅಷ್ಟೇಯ."

ಅವಳ ಜೊತೆ ಸಾಲಿನಲ್ಲಿ ಕೂತು ಸ್ವಲ್ಪ ಹೊತ್ತು ಕಳೆ ಕಿತ್ತೆ. ಅವಳು ಬೇಡವೆನ್ನಲಿಲ್ಲ.

ಹತ್ತು ಗಂಟೆಗೆ, ಉಳಿದವರನ್ನು ರಾಗಿಯ ಕೆಳಗೆ ಕೆರೆಯವರೆಗಿನ ಹೂಳು ತೆಗೆಯಲು ಬಿಟ್ಟು, ನಾನು, ಸುಜಾತಾ, ಮುನಿಸ್ವಾಮಿ ಮೂವರೂ ಕೃಷ್ಣಪ್ಪನವರ ಮನೆಗೆ ಹೋದೆವು. ಅವರು ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟು, ಎಲ್ಲವನ್ನೂ ಪೂರ್ತಿ ಕೇಳಿದರು. ಕೆರೆಗೆ ನೀರು ಬರಬೇಕೆಂಬ ಆಸೆ ಅವರಿಗೂ ಇತ್ತು. ಆಮೇಲೆ ಹೇಳಿದರು:

"ನೀವು ಭಾನ್ವಾರ ರೈಲು ಅತ್ತಿ ಓಗ್ಬಿಡ್ತೀರ. ಆ ಗುಂಡಿ ಮುಚ್ಚೋರ್ಯಾರು?"

"ನಾನು ಬಂದು ಮುಚ್ಚಿಸ್ತೀನಿ" ಎಂದಳು ಸುಜಾತಾ.

"ನಿಮ್ಗೆ ಇಸ್ಕೂಲಿರ್ತದೆ ಮೇಡಂ, ಪರೀಕ್ಸೆ ಇರ್ತದೆ. ನೀರು ಒಂದ್ಸಲ ದಾರಿ ಮಾಡ್ಕೊಂಡ್ರೆ ಆ ಜಾಗ ನಂಗೆ ವಾಪಸ್ ಬರಲ್ಲ."

"ನಾನ್ ಇಲ್ಲೇದಾ ಇರೋದು, ನಾನ್ ಮುಚ್ತೀನಿ" ಎಂದರು ಮುನಿಸ್ವಾಮಿ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಕೃಷ್ಣಪ್ಪ ಕೆಮ್ಮು ನಿಲ್ಲುವವರೆಗೆ ಕಾದು, ಮೆಲ್ಲಗೆ, "ನೀವು ಬಸ್ ಇಳ್ದು ಕೆರೆ ಕಟ್ಟೆಗೆ ಬರೋಕೇ ಎರಡು ಕಡೆ ಕೂತ್ಕೊಂತೀರ ಯಜಮಾನ್ರೇ. ನಾನು ನೋಡಿಲ್ವಾ?" ಎಂದರು. ಕೊನೆಗೆ ಎದ್ದು ನಿಂತು, "ರಾಗಿ ಯಾರ್ದೋ ಅವ್ರು ಬಂದು ಕೇಳ್ಲಿ" ಎಂದು ಕೊಟ್ಟಿಗೆಗೆ ಹೋದರು.

ಇದನ್ನು ಅಕ್ಕಯಮ್ಮನಿಗೆ ಹೇಳಿದೆವು. ಅವಳು ಕಳೆ ಕೀಳುತ್ತಲೇ ಇದ್ದಳು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಮೂರು ಗಂಟೆಗೆ, ಹಾಲು ಕರೆಯುವ ಹೊತ್ತಿಗೆ, ನಲ್ಲಿಯಲ್ಲಿ ಕೈಕಾಲು ತೊಳೆದು, ಸೆರಗು ಹೊದ್ದು, ಕೃಷ್ಣಪ್ಪನವರ ಕೊಟ್ಟಿಗೆಯ ಕಡೆ ನಡೆದಳು. ನಾನೂ ಸುಜಾತಾಳೂ ಸ್ವಲ್ಪ ದೂರದಲ್ಲಿ ಹಿಂದೆ ಹೋದೆವು. ಕೃಷ್ಣಪ್ಪ ಹಸುವಿನ ಪಕ್ಕದಲ್ಲಿ ಕೂತು ಹಾಲು ಕರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಕೃಷ್ಣಪ್ಪಣ್ಣ, ಆ ಗುಂಡಿ ನಾನು ಮುಚ್ತೀನಿ" ಎಂದಳು ಅಕ್ಕಯಮ್ಮ.

ಹಾಲು ಬಕೆಟ್ಟಿಗೆ ಬೀಳುವ ಸದ್ದು ಸ್ವಲ್ಪ ಹೊತ್ತು ಹಾಗೇ ನಡೆಯಿತು. "ಯಾವಾಗ?"

"ರಾಗಿ ಕೊಯ್ದ ಮೂರು ದಿನಕ್ಕೆ."

"ಉಲ್ಲು?"

"ಬುಡ ಸಮೇತ ಕಿತ್ತು ನೆಳ್ಳಾಗೆ ಇಕ್ಕಿರ್ತೀನಿ. ಮುಚ್ಚಿದ್ಮ್ಯಾಲೆ ನಾನೇ ನೆಟ್ಟುಕೊಡ್ತೀನಿ."

"ನನ್ನ ಅಸೂನ ಕಟ್ಟಾಕಿದ್ದು ತಪ್ಪು ಅಂತ ಒಪ್ಕೊಂತೀಯಾ?"

ಸುಜಾತಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಪ್ಪಿಕೊಳ್ಳೇ ತಾಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ" ಎಂದಳು ಅಕ್ಕಯಮ್ಮ. "ಅಸು ನನ್ನ ರಾಗಿ ತಿಂದಿದ್ದು ನಿಜ. ಆದ್ರೆ ಅವತ್ತು ಅದುಕ್ಕೆ ನೀರು ಕುಡಿಸ್ದೆ, ನೆಳ್ಳಾಗೆ ಕಟ್ಟಿದ್ದೆ. ಅದು ನಿನಗ್ಯಾರೂ ಏಳಿಲ್ಲ."

ಕೃಷ್ಣಪ್ಪ ಈಗ ತಲೆ ಎತ್ತಿದರು. ಬಕೆಟ್ಟು ಎತ್ತಿಕೊಂಡು ಎದ್ದರು. "ಸರೆ. ಬೆಳಿಗ್ಗೆ ಆಲು ಕರೆದ್ಮೇಲೆ ನಾನೇ ಬಂದು ಗೂಟ ಒಡೀತೀನಿ. ಗೂಟದಿಂದ ಒಂದು ಬೆರಳು ಈಚೆ ಬಂದ್ರೂ ಕೆಲಸ ನಿಲ್ಲಿಸ್ಬಿಡ್ತೀನಿ."

ಶುಕ್ರವಾರ ನಾವು ಹೋಗುವಷ್ಟರಲ್ಲಿ ಕೃಷ್ಣಪ್ಪ ಗೂಟ ಹೊಡೆದಾಗಿತ್ತು. ನಾವು ಹದಿನಾಲ್ಕು ಜನ, ಜೊತೆಗೆ ಅಕ್ಕಯಮ್ಮ. ಮೊದಲು ಹುಲ್ಲಿನ ಬುಡಗಳನ್ನು ಕಿತ್ತು, ಒದ್ದೆ ಗೋಣಿ ಸುತ್ತಿ, ಬೇವಿನ ಮರದ ಕೆಳಗೆ ಜೋಡಿಸಿದೆವು. ಆಮೇಲೆ ಅಗೆತ. ಆಕಾಶ ಬೆಳಿಗ್ಗೆಯಿಂದಲೇ ಬಿಳಿಚಿಕೊಂಡಿತ್ತು. ಗಾಳಿಯಲ್ಲಿ ಚಳಿ. ಆದರೂ ಎಲ್ಲರ ಬೆನ್ನೂ ಬೆವರಿತ್ತು. ಎರಡು ಗಂಟೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಆಗ ಗುದ್ದಲಿ ಠಣ್ ಎಂದಿತು.

ಮಣ್ಣು ಕೆರೆದಂತೆಲ್ಲ ಕಲ್ಲು ದೊಡ್ಡದಾಗುತ್ತ ಹೋಯಿತು. ಮುನಿಸ್ವಾಮಿ ಸುತ್ತಿಗೆಯಿಂದ ನಾಲ್ಕು ಕಡೆ ತಟ್ಟಿ, ಕಿವಿಯಿಟ್ಟು ಕೇಳಿ, ತಲೆಯಾಡಿಸಿದರು. "ಇದು ಬಿದ್ದ ಕಲ್ಲಲ್ಲ. ಕೆಳಗಿಂದ ಬಂದಿರೋ ಬಂಡೆ. ಓಗಲ್ಲ." ಅದನ್ನು ಸುತ್ತಿ ಹೋಗಬೇಕೆಂದರೆ ಎರಡಡಿ ಪಕ್ಕಕ್ಕೆ ಸರಿಯಬೇಕು. ಗೂಟದಾಚೆ ಹುಲ್ಲಿನ ಕಡೆಗೆ ಸರಿದರೆ ಸುಲಭ. ಕೃಷ್ಣಪ್ಪ ಹಿಂಡಿ ತರಲು ಡೇರಿಗೆ ಹೋಗಿದ್ದರು. ಬಂದ ಮೇಲೆ ಹೇಳಿದರಾಯಿತು, ಎರಡಡಿ ತಾನೇ ಎಂದು ನಮ್ಮಲ್ಲೊಬ್ಬರು ಅಂದರು.

"ಬ್ಯಾಡ. ಗೂಟ ದಾಟಬ್ಯಾಡಿ" ಎಂದಳು ಅಕ್ಕಯಮ್ಮ. "ನಾನು ಮಾತು ಕೊಟ್ಟಿವ್ನಿ."

ಅವಳು ಕುಡುಗೋಲು ತೆಗೆದುಕೊಂಡು ಬಂಡೆಯ ಎದುರಿನ ತನ್ನ ರಾಗಿಗೆ ಇಳಿದಳು. ಹಸಿರು ತೆನೆಗಳನ್ನು ಬುಡದಿಂದ ಕೊಯ್ಯತೊಡಗಿದಳು. ಒಂದು ಹಿಡಿ, ಇನ್ನೊಂದು ಹಿಡಿ. ಹೆಚ್ಚೆಂದರೆ ಒಂದು ಚಾಪೆ ಹಾಸುವಷ್ಟು ಜಾಗ. ಸಹಾಯಕ್ಕೆಂದು ನಾನು ಬಗ್ಗಿದರೆ, "ಬಿಡಿ ಅಕ್ಕ, ಇದು ನಾನೇ ಕೊಯ್ತೀನಿ" ಎಂದಳು. ಹದಿನಾಲ್ಕು ಜನ ಗುದ್ದಲಿ ಊರಿಕೊಂಡು ನಿಂತೆವು.

ಕೃಷ್ಣಪ್ಪ ಸೈಕಲ್ ನಿಲ್ಲಿಸಿ ಬಂದದ್ದು ಆಗಲೇ. ಬಂಡೆ ನೋಡಿದರು, ಗೂಟ ನೋಡಿದರು, ಕೊಯ್ದ ರಾಗಿ ನೋಡಿದರು.

"ನನ್ನ ಕೇಳ್ಬಾರ್ದಿತ್ತಾ?"

"ನೀನಿರ್ಲಿಲ್ಲ" ಎಂದಳು ಅವಳು, ಬಗ್ಗಿದ ತಲೆ ಎತ್ತದೆ.

ಅವರು ಕಾಲುವೆಯ ಉದ್ದಕ್ಕೂ ನಡೆದು, ಕೆಳಗೆ ತಿರುವು ಬರುವ ಕಡೆ, ನೀರು ಬಂದರೆ ಜೋರಾಗಿ ಹೊಡೆಯುವ ಜಾಗದಲ್ಲಿ ನಿಂತರು. ಅಲ್ಲಿದ್ದ ಎರಡು ಗೂಟಗಳನ್ನು ಕಿತ್ತು, ಒಂದು ಮಾರು ತಮ್ಮ ಹುಲ್ಲಿನೊಳಕ್ಕೆ ನೆಟ್ಟರು. "ಇಲ್ಲಿ ಅಗಲ ಮಾಡಿ, ಇಲ್ದಿದ್ರೆ ಆಕೆ ರಾಗಿ ಕೊರ್ಕೊಂಡು ಓಗ್ತದೆ" ಎಂದು ಮುನಿಸ್ವಾಮಿಯವರಿಗೆ ಹೇಳಿ, ಮನೆಗೆ ಹೋಗಿ ತಮ್ಮ ಸನಿಕೆ ತಂದರು. ಕತ್ತಲಾಗುವವರೆಗೂ ನಮ್ಮೊಡನೆ ಮಣ್ಣು ಎತ್ತಿದರು.

ಶನಿವಾರ ಹತ್ತಕ್ಕೆ ಹನಿ ಶುರುವಾಯಿತು. ಕೆರೆಯ ಅಂಚಿಗೆ ಇನ್ನೂ ಹದಿನೈದು ಹೆಜ್ಜೆ ಬಾಕಿ. ತಲೆಗೆ ಗೊಬ್ಬರದ ಚೀಲ ಹೊದ್ದು ಅಗೆದೆವು. ಅಗೆದ ಮಣ್ಣನ್ನು ಇನ್ನಷ್ಟು ಚೀಲಗಳಿಗೆ ತುಂಬಿ ತಿರುವಿನ ದಡದ ಮೇಲೆ ಮೂಟೆ ಜೋಡಿಸಿಟ್ಟೆವು. ಊರಿನಿಂದ ಇನ್ನೂ ಏಳೆಂಟು ಜನ ಬಂದರು. ಅಕ್ಕಯಮ್ಮನ ಗಂಡನೂ ರೈಲಿನಿಂದ ಇಳಿದವನು ಚೀಲ ಬದುವಿನ ಮೇಲಿಟ್ಟು ಸೀದಾ ಕಾಲುವೆಗಿಳಿದ. ಹನ್ನೊಂದೂವರೆಗೆ ಮಳೆ ಬಿರುಸಾಯಿತು. ನಾವು ಕೊನೆಯ ಮಣ್ಣು ಎತ್ತಿ ಮೇಲೆ ಬಂದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಮೇಲಿನಿಂದ ಮುನಿಸ್ವಾಮಿ ಕೂಗಿದರು, "ಬತ್ತಾ ಐತೆ, ಬತ್ತಾ ಐತೆ!"

ಮೊದಲು ಬಂದದ್ದು ಎಲೆ, ಕಡ್ಡಿ, ನೊರೆ. ಅದರ ಹಿಂದೆ ಕೆಂಪು ನೀರು, ಮೊಣಕಾಲೆತ್ತರ. ರಾಗಿಯ ತಲೆಗೆ ಬಂದು ಒಂದು ಗಳಿಗೆ ಎಲ್ಲಿಗೆ ಹೋಗಲಿ ಎನ್ನುವ ಹಾಗೆ ಸುತ್ತಿತು. ಆಮೇಲೆ ಹೊಸ ಕಾಲುವೆಗೆ ಹೊರಳಿತು. ಬಂಡೆಯನ್ನು ಬಳಸಿತು. ತಿರುವಿನಲ್ಲಿ ದಡವನ್ನು ಕಚ್ಚಿ ರಾಗಿಯ ಕಡೆಯ ಮಣ್ಣು ಒಂದು ಹೆಂಟೆ ಕಳಚಿಕೊಂಡು ಹೋಯಿತು. ಎರಡು ಸಾಲು ರಾಗಿ ಅದರ ಜೊತೆ ಜಾರಿತು. ಅಷ್ಟರಲ್ಲಿ ಸೊಂಟದವರೆಗೆ ಏರಿದ್ದ ನೀರಿಗೆ ಕೃಷ್ಣಪ್ಪ ಇಳಿದು ಮೂಟೆಗಳಿಗೆ ಕೈ ಚಾಚಿದರು. ಮಣ್ಣು ತುಂಬಿದ ಮೂಟೆಗಳನ್ನು ಅಕ್ಕಯಮ್ಮ ಮೇಲಿನಿಂದ ಒಂದೊಂದಾಗಿ ದೂಡಿದಳು. ಆರನೆಯ ಮೂಟೆಗೆ ದಡ ನಿಂತಿತು. ಉಳಿದ ರಾಗಿ ಗಾಳಿಗೆ ಒಂ‌ದಿಷ್ಟು ವಾಲಿತ್ತು, ಅಷ್ಟೆ. ನೀರು ಕೆರೆಗೆ ಬಿದ್ದಾಗ ಊರಿನವರು ಮಳೆಯಲ್ಲೇ ನಿಂತು ನೋಡಿದರು. ಒಬ್ಬ ಮುದುಕಿ ಸೆರಗಿನಲ್ಲಿದ್ದ ಅರಿಶಿನ ಕುಂಕುಮ ಆ ಕೆಂಪು ನೀರಿಗೆ ಹಾಕಿ ಕೈಮುಗಿದಳು. ನಾನು ಮುನಿಸ್ವಾಮಿಯವರನ್ನು ಹುಡುಕಿದೆ. ಬೇವಿನ ಮರದ ಕೆಳಗೆ ಹುಲ್ಲಿನ ಬುಡಗಳ ಪಕ್ಕ ಕೂತು, ಮೈಯೆಲ್ಲ ಒದ್ದೆಯಾಗಿ, ಕೆಮ್ಮುತ್ತ ನಗುತ್ತಿದ್ದರು. ಸುಜಾತಾ ಬೈದು ಅವರನ್ನು ಆಟೋ ಹತ್ತಿಸಿದಳು.

ಭಾನುವಾರ ಬೆಳಿಗ್ಗೆ ಮಳೆ ನಿಂತಿತ್ತು. ಬಂಗಾರಪೇಟೆಗೆ ಹಳ್ಳಿಯ ಮೇಲೆಯೇ ಹೋಗುವ ಬಸ್ಸಿದ್ದುದರಿಂದ ಎಲ್ಲರಿಗೂ ಹೇಳಿ ಹೋಗೋಣವೆಂದು ಇಳಿದೆ. ಕೆರೆಯಲ್ಲಿ ಕಾಲು ಭಾಗದಷ್ಟು ನೀರಿತ್ತು. ಎರಡು ಕೊಕ್ಕರೆ ಆಗಲೇ ಬಂದು ಅಂಚಿನಲ್ಲಿ ನಿಂತಿದ್ದವು. ಅಕ್ಕಯಮ್ಮ ಮನೆಯಲ್ಲಿ ಸಿಗಲಿಲ್ಲ. ಅವಳ ಗಂಡ ಒಂದು ಚೀಲ ಅವರೆಕಾಯಿ ಕೈಗಿಟ್ಟು, "ಆಕೆ ಒಲದಾಗವ್ಳೆ, ಕರೀಲಾ?" ಎಂದ. ಹತ್ತೂವರೆಯ ಬಸ್ಸು ಹಾರನ್ ಹೊಡೆಯುತ್ತಿತ್ತು. ಬೇಡವೆಂದೆ.

ಇದನ್ನು ಬರೆಯುವ ಹೊತ್ತಿಗೆ ಸುಜಾತಾಳ ಫೋನ್ ಬಂದಿದೆ. ರಾಗಿ ಕೊಯ್ಲಾಗಿದೆ. ಪಕ್ಕದ ಗುಂಡಿ ಮೂರು ದಿನಕ್ಕಲ್ಲ, ಐದು ದಿನಕ್ಕೆ ಮುಚ್ಚಿದೆ, ಅಕ್ಕಯಮ್ಮ ಒಬ್ಬಳೇ ಅಲ್ಲ, ಅವಳ ಗಂಡ ಒಂದು ದಿನ ಕೆಲಸ ಬಿಟ್ಟು ಸೇರಿಕೊಂಡನಂತೆ. ಹುಲ್ಲು ನೆಟ್ಟದ್ದರಲ್ಲಿ ಮುಕ್ಕಾಲು ಚಿಗುರಿದೆ. ಹಳೆಯ ಕಾಲುವೆಯನ್ನು ಅದರ ಜಾಗದಲ್ಲೇ ಊರಿನವರು ತೋಡಿದ್ದಾರೆ. ಬರುವ ವರ್ಷ ಅಕ್ಕಯಮ್ಮ ಎಲ್ಲಿ ಬಿತ್ತುತ್ತಾಳೆ ಎಂದು ನಾನು ಕೇಳಿದೆ. ಅದು ಇನ್ನೂ ಗೊತ್ತಿಲ್ಲ ಎಂದಳು ಸುಜಾತಾ. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆ ಭಾನುವಾರ ಬಸ್ಸು ಕೆರೆ ಕಟ್ಟೆಯ ಮೇಲೆ ಹೋಗುವಾಗ ನಾನು ಎದ್ದು ಬಾಗಿಲ ಹತ್ತಿರ ನಿಂತೆ. ದೂರದಲ್ಲಿ, ಹೊಸ ಕಾಲುವೆಯ ಈಚೆ ದಡದಲ್ಲಿ ಅಕ್ಕಯಮ್ಮ, ಆಚೆ ದಡದಲ್ಲಿ ಕೃಷ್ಣಪ್ಪ. ನಡುವೆ ಕೆಂಪು ನೀರು ಇನ್ನೂ ಹರಿಯುತ್ತಿತ್ತು. ಅವಳು ಅವರ ಹುಲ್ಲಿನ ಕಡೆ ಕೈ ತೋರಿಸುತ್ತಿದ್ದಳು, ಅವರು ಅವಳ ರಾಗಿಯ ಕಡೆ. ಇಬ್ಬರ ದನಿಯೂ ಬಸ್ಸಿನ ಸದ್ದನ್ನು ಮೀರಿ ಕೇಳುತ್ತಿತ್ತು. ಅರ್ಧ ಕನ್ನಡ, ಅರ್ಧ ತೆಲುಗು, ನನಗೆ ಒಂದು ಮಾತೂ ಹಿಡಿಯಲಿಲ್ಲ.

"ಏನ್ ಮೇಡಂ ಅದು, ಜಗ್ಳಾನಾ?" ಎಂದು ಬಸ್ಸಿನ ಕಂಡಕ್ಟರ್ ನನ್ನ ಭುಜದ ಮೇಲಿಂದ ಇಣುಕಿದ.

"ಮಾತಾಡ್ತಾ ಇದ್ದಾರೆ" ಎಂದೆ.

ಬಸ್ಸು ತಿರುವು ದಾಟುವವರೆಗೂ ಅವರು ಮಾತು ನಿಲ್ಲಿಸಿರಲಿಲ್ಲ.